ಒಂದು ಬೀಡಿಂಗ್ ಪಟ್ಟಿಗೋಸ್ಕರ ಇನ್ನೊಂದು ಗಿಟಾರ್ ಬಿಚ್ಚಬೇಕಾ?

ಭಾಗ 1

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾಮೆಂಟಲ್ಲಿ ಜಗಳ ಆಡೋರು ಆಡಿ. ಹಳೇ ವಾದ್ಯ ರಿಪೇರಿ ಮಾಡೋವಾಗ "ಎಲ್ಲಾ ಒರಿಜಿನಲ್ ಪಾರ್ಟೇ ಆಗಿರಬೇಕು" ಅಂತ ಹಟ ಹಿಡಿಯೋರು ವಾದ್ಯ ಉಳಿಸ್ತಾ ಇಲ್ಲ. ಒಂದನ್ನ ಉಳಿಸೋ ಹೆಸರಲ್ಲಿ ಇನ್ನೊಂದನ್ನ ಮುಗಿಸ್ತಾ ಇದಾರೆ.

ಇಷ್ಟು ಸಿಟ್ಟು ಯಾಕೆ ಅಂದ್ರೆ, ಎರಡು ತಿಂಗಳಿಂದ ನಾನು ಹುಡುಕ್ತಾ ಇರೋದು ಒಂದೇ ವಸ್ತು. ಒಂದು ಅಲ್ಯೂಮಿನಿಯಂ ಪಟ್ಟಿ. ಮುಕ್ಕಾಲು ಮೀಟರ್ ಆಸುಪಾಸು ಉದ್ದ, ಬೆರಳಿಗಿಂತ ಸಣ್ಣ ಅಗಲ. ಅದು ಸೇರಬೇಕಾಗಿರೋದು ಟೆಕ್ಸಸ್‌ನಲ್ಲಿರೋ ನನ್ನ ಸೋದರಮಾವನ ಮನೆಯಲ್ಲಿರೋ ಪೆಡಲ್ ಸ್ಟೀಲ್ ಗಿಟಾರ್‌ಗೆ. 1970ರ ದಶಕದ್ದು, ಎರಡು ನೆಕ್, ಕಪ್ಪು ಮೈ. ಮುಂದಿನ ಅಂಚಿನ ಪಟ್ಟಿ ಇಲ್ಲವೇ ಇಲ್ಲ, ಹಿಂದಿನದು ಮಡಚಿ ಎದ್ದು ನಿಂತಿದೆ. ಕಂಪನಿ ಹೆಸರು ಬರೆಯಲ್ಲ, ಇಲ್ಲಿ ಅದು ಮುಖ್ಯ ಅಲ್ಲ.

ಅಲ್ಲಿನ ಹುಡುಕಾಟ ನನ್ನ ಪಾಲಿಗೆ ಬಂದಿದ್ದು ಯಾಕೆ ಅಂದ್ರೆ ಮಾವನಿಗೆ ಟೈಮಿಲ್ಲ, ನನಗೆ ಐದನೇ ಸೆಮ್ ಇಂಟರ್ನಲ್ಸ್ ಬಿಟ್ರೆ ಬೇರೆ ಕೆಲಸ ಇಲ್ಲ. ಬಿಕಾಂ ಓದೋರಿಗೆ ಗಿಟಾರ್ ಬೀಡಿಂಗ್ ಯಾಕೆ ಅಂತ ಕೇಳಿದ ಕ್ಲಾಸ್‌ಮೇಟ್‌ಗಳಿಗೆ: ಇದು ಪೂರ್ತಿ ನಮ್ಮ ಸಿಲೆಬಸ್ಸೇ. ನಾಲ್ಕನೇ ಭಾಗದಲ್ಲಿ ಕಾಸ್ಟಿಂಗ್, ಐದನೇ ಭಾಗದಲ್ಲಿ ಗೋಯಿಂಗ್ ಕನ್ಸರ್ನ್ ಬರತ್ತೆ. ತಡ್ಕೊಳ್ಳಿ.

ಭಾಗ 2

ಪೆಡಲ್ ಸ್ಟೀಲ್ ಗೊತ್ತಿಲ್ಲದೋರಿಗೆ ಎರಡು ಮಾತು.

ಇದನ್ನ ತಬ್ಬಿಕೊಂಡು ನುಡಿಸಲ್ಲ. ಕಾಲುಗಳ ಮೇಲೆ ಮೇಜಿನ ಥರ ನಿಂತಿರತ್ತೆ, ನುಡಿಸೋರು ಅದರ ಮುಂದೆ ಕೂರ್ತಾರೆ. ಎಡಗೈಯಲ್ಲಿ ಉಕ್ಕಿನ ದುಂಡು ಸರಳು, ಬಲಗೈ ಬೆರಳಿಗೆ ಪಿಕ್, ಕೆಳಗೆ ಪೆಡಲ್‌ಗಳು, ಮೊಣಕಾಲಿಂದ ತಳ್ಳೋ ಲಿವರ್‌ಗಳು. ಪೆಡಲ್ ಒತ್ತಿದ್ರೆ ಒಳಗಿನ ರಾಡು ಒಂದೋ ಎರಡೋ ತಂತಿಯನ್ನ ಮಾತ್ರ ಎಳೆದು ಸ್ವರ ಏರಿಸತ್ತೆ ಅಥವಾ ಇಳಿಸತ್ತೆ, ಮಿಕ್ಕ ತಂತಿಗಳು ಇದ್ದಲ್ಲೇ ಇರ್ತವೆ. ಅಳ್ತಾ ಇದೆಯೇನೋ ಅನ್ನಿಸೋ ಆ ಕಂಟ್ರಿ ಮ್ಯೂಸಿಕ್ ಸದ್ದು ಹುಟ್ಟೋದು ಅಲ್ಲಿ. ನಮ್ಮ ಕಿವಿಗೆ ಮೀಂಡ್ ಥರ ಕೇಳಿಸತ್ತೆ, ಆದ್ರೆ ಒಂದು ಸ್ವರ ಜಾರುವಾಗ ಪಕ್ಕದ ಸ್ವರ ಕದಲದೆ ನಿಂತಿರತ್ತೆ. 1954ರಲ್ಲಿ ಹಿಟ್ ಆದ ವೆಬ್ ಪಿಯರ್ಸ್ ಹಾಡು "ಸ್ಲೋಲಿ"ಯಲ್ಲಿ ಬಡ್ ಐಸಾಕ್ಸ್ ಇದನ್ನ ಮಾಡಿ ತೋರಿಸಿದ ಮೇಲೆ ನ್ಯಾಶ್‌ವಿಲ್‌ನ ಸ್ಟೀಲ್ ವಾದಕರೆಲ್ಲ ತಮ್ಮ ಗಿಟಾರ್‌ಗೂ ಪೆಡಲ್ ಬೇಕು ಅಂತ ಓಡಿದ್ರು.

ಇದರ ಬೇರು ಹವಾಯಿಯಲ್ಲಿದೆ. ಜೋಸೆಫ್ ಕೆಕುಕು ಅನ್ನೋ ಹುಡುಗ 19ನೇ ಶತಮಾನದ ಕೊನೆಗೆ ಗಿಟಾರನ್ನ ತೊಡೆ ಮೇಲೆ ಮಲಗಿಸಿ ಲೋಹದ ತುಂಡಿನಿಂದ ತಂತಿ ಒತ್ತಿ ನುಡಿಸಿದ ಅಂತ ಹೇಳ್ತಾರೆ. ಅದೇ ಹವಾಯಿಯನ್ ಗಿಟಾರ್ ನಮ್ಮ ದೇಶಕ್ಕೂ ಬಂತು. 1994ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ್ ಭಟ್ಟರ ಮೋಹನ ವೀಣೆ ಈ ವಂಶದ್ದೇ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ನುಡಿಸೋ ಹಿಂದೂಸ್ತಾನಿ ಸ್ಲೈಡ್ ಗಿಟಾರೂ ಹೌದು. ಪೆಡಲ್ ಮಾತ್ರ ಅಮೆರಿಕದಲ್ಲೇ ಉಳಿದುಕೊಳ್ತು.

ಈಗ ಫೋಟೋ ನೋಡಿ. ಹೊಳೆಯೋ ಆ ಅಂಚುಗಳೇ ನಮ್ಮ ವಿಷಯ. ಅಲ್ಲಿ ಅದಕ್ಕೆ ಟ್ರಿಮ್ ಅಂತಾರೆ. ನಮ್ಮ ಬಡಗಿಗಳ ಬಾಯಲ್ಲಿ ಹೇಳೋದಾದ್ರೆ ಬೀಡಿಂಗ್.

ಭಾಗ 3

ಬೀಡಿಂಗ್ ಅಂದ್ರೆ ಬರೀ ಶೋಕಿ ಅಂದುಕೊಂಡಿದ್ದೆ. ಅಲ್ಲ.

ಈ ಗಿಟಾರ್‌ನ ಒಳಗೆ ಮೇಪಲ್ ಮರ, ಮೇಲೆ ಕಪ್ಪು ಲ್ಯಾಮಿನೇಟ್. ಅಲ್ಲಿನ ವಾದಕರು ಅದನ್ನ "ಮೈಕಾ" ಅಂತಾರೆ. ಹೌದು, ನಮ್ಮ ಅಡುಗೆಮನೆ ಶೆಲ್ಫ್ ಮೇಲಿರೋ ಸನ್‌ಮೈಕಾದ ಅಣ್ಣ. ಫಾರ್ಮೈಕಾ ಅನ್ನೋ ಹೆಸರಿನ ಕಥೆ ನನಗೆ ತುಂಬಾ ಇಷ್ಟ ಆಯ್ತು. 1912ರಲ್ಲಿ ಅದನ್ನ ಕಂಡುಹಿಡಿದಾಗ ಉದ್ದೇಶ ಮೇಜೂ ಅಲ್ಲ, ಗಿಟಾರೂ ಅಲ್ಲ. ವಿದ್ಯುತ್ ಯಂತ್ರಗಳಲ್ಲಿ ನಿರೋಧಕವಾಗಿ ಬಳಸ್ತಿದ್ದ ಮೈಕಾ, ಅಂದ್ರೆ ಕಾಗೆಬಂಗಾರ, ಅದಕ್ಕೆ ಬದಲಿ ಬೇಕಿತ್ತು. "ಮೈಕಾಗೆ ಬದಲು" ಅನ್ನೋದೇ ಹೆಸರಾಯ್ತು. ಬದಲಿ ಪಾರ್ಟ್ ಆಗಿ ಹುಟ್ಟಿದ ವಸ್ತುವಿನ ಮೇಲೆ ಕೂತು "ಬದಲಿ ಪಾರ್ಟ್ ಬೇಡ" ಅಂತ ಜಗಳ ಮಾಡ್ತಾ ಇದೀವಿ, ನೋಡಿ ಹೇಗಿದೆ.

ಮೈಕಾ ಹಾಳೆಗೆ ಒಂದು ದೌರ್ಬಲ್ಯ ಇದೆ. ಮೇಲ್ಮೈ ಗಟ್ಟಿ, ಅಂಚು ಪುಕ್ಕಲು. ಅಂಚಿಗೆ ಏಟು ಬಿದ್ರೆ ಚಕ್ಕೆ ಏಳತ್ತೆ, ಅಲ್ಲಿಂದ ತೇವ ಒಳಗೆ ಹೋಗತ್ತೆ, ಅಂಟು ಬಿಡತ್ತೆ. ಪ್ರತಿ ಕಾರ್ಯಕ್ರಮಕ್ಕೂ ಪೆಟ್ಟಿಗೆಗೆ ಹಾಕಿ ತೆಗೆದು, ವ್ಯಾನಿಗೆ ಏರಿಸಿ ಇಳಿಸೋ ವಾದ್ಯ ಇದು. ಅದಕ್ಕೇ ಅಂಚಿಗೆ ಲೋಹ. ಮಾವನ ಗಿಟಾರ್‌ನಲ್ಲಿ ಪಟ್ಟಿ ಹೋದ ಕಡೆ ಈಗಾಗಲೇ ಮೈಕಾ ಎರಡು ಕಡೆ ಮುಕ್ಕಾಗಿದೆ (ಮೂರನೇ ಫೋಟೋ, ಝೂಮ್ ಮಾಡಿ). ಇನ್ನೂ ಎರಡು ವರ್ಷ ಹೀಗೇ ಬಿಟ್ರೆ ಹಾಳೆ ಪೂರ್ತಿ ಎದ್ದು ಬರತ್ತೆ, ಆಗ ಬದಲಾಯಿಸಬೇಕಾಗಿರೋದು ಪಟ್ಟಿ ಅಲ್ಲ, ಇಡೀ ಮೈ. ಹಾಗಾಗಿ "ಒರಿಜಿನಲ್ ಸಿಗೋವರೆಗೆ ಕಾಯ್ತೀನಿ" ಅನ್ನೋದು ತಟಸ್ಥ ನಿಲುವಲ್ಲ. ಕಾಯೋದಕ್ಕೂ ಖರ್ಚಿದೆ.

ಭಾಗ 4

ಹಾಗಾದ್ರೆ ಅಂಗಡಿಗೆ ಹೋಗಿ ತರೋದು ತಾನೆ? ಇಲ್ಲೇ ಇರೋದು ತಮಾಷೆ.

ಅಲ್ಯೂಮಿನಿಯಂ ಪಟ್ಟಿ ಹೇಗೆ ಮಾಡ್ತಾರೆ ಅಂತ ಅರ್ಥ ಆಗೋಕೆ ನಿಮ್ಮ ಮನೆ ಚಕ್ಕುಲಿ ಒರಳು ಸಾಕು. ಹಿಟ್ಟಿನ ಬದಲು ಸುಮಾರು 450ರಿಂದ 500 ಡಿಗ್ರಿಗೆ ಕಾಯಿಸಿದ ಅಲ್ಯೂಮಿನಿಯಂ ದಿಮ್ಮಿ. ತೂತಿರೋ ಬಿಲ್ಲೆಯ ಬದಲು ಗಟ್ಟಿ ಉಕ್ಕಿನ ಡೈ. ಹಿಂದಿನಿಂದ ಒತ್ತಿದ್ರೆ ಬಿಲ್ಲೆಯ ಆಕಾರದಲ್ಲಿ ಉದ್ದಕ್ಕೆ ಬರತ್ತೆ. ನಕ್ಷತ್ರದ ಬಿಲ್ಲೆ ಹಾಕಿದ್ರೆ ಚಕ್ಕುಲಿ, ಸಣ್ಣ ತೂತಿನದು ಹಾಕಿದ್ರೆ ಶ್ಯಾವಿಗೆ. ಕಿಟಕಿ ಚೌಕಟ್ಟು, ಅಂಗಡಿ ಶೋಕೇಸ್, ಊಟದ ಮೇಜಿನ ಅಂಚು, ಎಲ್ಲ ಹೀಗೇ ಬರೋದು. ಎಲ್, ಯು, ಟಿ ಅಂತ ಬೇರೆ ಬೇರೆ ಸೆಕ್ಷನ್.

ಮಾವನ ಗಿಟಾರ್‌ನದು ಟಿ. ಹೊರಗೆ ಕಾಣೋದು ಟಿಯ ತಲೆ, ಅದರ ಬಾಲ ಮರದಲ್ಲಿ ಕೊಯ್ದ ಸಣ್ಣ ಗಾಡಿಯೊಳಗೆ ಕೂತಿರತ್ತೆ. ತಲೆ ಸ್ವಲ್ಪ ಉಬ್ಬು, ಅದರ ಮೇಲೆ ಎರಡು ಸಣ್ಣ ಗೆರೆ. ಸಮಸ್ಯೆ ಆ ಎರಡು ಗೆರೆಯದ್ದು.

ಈಗ ಕಾಸ್ಟಿಂಗ್ ಕ್ಲಾಸ್. ಲೆಕ್ಕಕ್ಕೆ ಅಂತ ಅಂಕಿ ಇಟ್ಕೊಳ್ಳೋಣ: ಹೊಸ ಡೈ ಮಾಡಿಸೋಕೆ 1,000 ಡಾಲರ್, ಆಮೇಲೆ ಒಂದೊಂದು ಪಟ್ಟಿಯ ಲೋಹ, ಕೂಲಿ ಸೇರಿ 5 ಡಾಲರ್. ಹತ್ತು ಜನ ಕೊಂಡ್ರೆ ಒಂದಕ್ಕೆ 105 ಡಾಲರ್ ಬೀಳತ್ತೆ. ಇನ್ನೂರು ಜನ ಕೊಂಡ್ರೆ 10. ಫಿಕ್ಸೆಡ್ ಕಾಸ್ಟ್ ಹಂಚಿಹೋಗೋದು ಅಂದ್ರೆ ಇದೇ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಲ್ಲ. ಇಷ್ಟೇ ಅಲ್ಲ, ಚೂರುಪಾರು ಕೆಲಸಕ್ಕೆ ಯಾರೂ ಆ ಪ್ರೆಸ್ ಕಾಯಿಸಲ್ಲ, ಕನಿಷ್ಠ ಇಷ್ಟು ತೂಕದ ಆರ್ಡರ್ ಅಂತ ಕೇಳ್ತಾರೆ. ಒಂದು ಗಿಟಾರ್‌ಗೆ ಬೇಕಾಗೋ ತೂಕ ನಮ್ಮ ಟಿಫಿನ್ ಬಾಕ್ಸ್‌ಗಿಂತ ಕಮ್ಮಿ.

ಅಡುಗೆಮನೆ ಮೇಜಿಗೆ, ಹೋಟೆಲ್ ಕೌಂಟರ್‌ಗೆ ಲೋಹದ ಅಂಚು ಹಾಕೋದು ಅಮೆರಿಕದಲ್ಲಿ 1950ರ ಸುಮಾರಿನಲ್ಲಿ ದೊಡ್ಡ ಫ್ಯಾಷನ್. ಅಂಥ ಕಾಲದಲ್ಲಿ ಇಂಥ ಸೆಕ್ಷನ್ ಹುಡುಕೋದು ಕಷ್ಟದ ಮಾತಾಗಿರಲಿಲ್ಲ. ಫ್ಯಾಷನ್ ಹೋಯ್ತು, ಬೇಡಿಕೆ ಹೋಯ್ತು, ಎಷ್ಟೋ ಬಿಲ್ಲೆಗಳೂ ಹೋದವು. ಗಿಟಾರ್ ತಯಾರಕರ ಕಥೆಯೂ ಅಷ್ಟೆ. ಷಾಟ್ ಜ್ಯಾಕ್ಸನ್, ಬಡ್ಡಿ ಎಮನ್ಸ್ ಸೇರಿ ನ್ಯಾಶ್‌ವಿಲ್‌ನಲ್ಲಿ ಶುರು ಮಾಡಿದ ಷೋ-ಬಡ್ ಎಷ್ಟು ದೊಡ್ಡ ಹೆಸರು! 1980ರ ದಶಕದಲ್ಲಿ ಅದೂ ಬಾಗಿಲು ಹಾಕ್ತು. ವಾದ್ಯ ಬದುಕಿದೆ, ಅದರ ಬಿಡಿಭಾಗ ಮಾಡೋ ಅಂಗಡಿ ಬದುಕಿಲ್ಲ.

ಭಾಗ 5

ಈಗ ನನ್ನ ಜಗಳದ ಭಾಗ.

ಹುಡುಕ್ತಾ ಹುಡುಕ್ತಾ ಒಬ್ಬ ಮಾರಾಟಗಾರ ಸಿಕ್ಕ. "ಅದೇ ಮಾಡೆಲ್, ನಾಲ್ಕೂ ಪಟ್ಟಿ ಇದೆ, ಒರಿಜಿನಲ್." ಮಾವ ಕುಣಿದಾಡಿಬಿಟ್ರು. ಫೋಟೋ ಕಳಿಸಿ ಅಂದ್ವಿ. ಕಳಿಸಿದ. ಪಟ್ಟಿಗಳು ಇನ್ನೂ ಗಿಟಾರ್ ಮೇಲೇ ಇದ್ವು! ಎರಡು ನೆಕ್, ಪೆಡಲ್ ರ‍್ಯಾಕ್, ರಾಡುಗಳು, ತಂತಿ ಸಮೇತ. ಕೇಳಿದ್ರೆ ಗಿಟಾರ್ ನುಡಿಯತ್ತೆ ಅಂದ. ಪೂರ್ತಿ ಮಾರೋದಕ್ಕಿಂತ ಬಿಚ್ಚಿ ಮಾರಿದ್ರೆ ಜಾಸ್ತಿ ಬರತ್ತಂತೆ: ಪಿಕಪ್ ಒಬ್ಬರಿಗೆ, ಎಂಡ್ ಪ್ಲೇಟ್ ಒಬ್ಬರಿಗೆ, ಪೆಡಲ್ ಇನ್ನೊಬ್ಬರಿಗೆ, ಬೀಡಿಂಗ್ ನಮಗೆ. ಮೊದಲು ದುಡ್ಡು ಹಾಕಿದೋರಿಗೆ ಮೊದಲು ಬಿಚ್ಚಿಕೊಡ್ತಾನಂತೆ.

ಅಕೌಂಟೆನ್ಸಿ ಮೊದಲ ವರ್ಷ ಏನು ಓದಿದ್ವಿ? ಗೋಯಿಂಗ್ ಕನ್ಸರ್ನ್. ವ್ಯವಹಾರ ಮುಂದುವರಿಯತ್ತೆ ಅನ್ನೋ ನಂಬಿಕೆ ಮೇಲೆ ಲೆಕ್ಕ ಬರೀತೀವಿ. ನಾಳೆ ಮುಚ್ಚಿ ಚೂರು ಚೂರು ಮಾರ್ತೀವಿ ಅಂದ್ರೆ ಅದು ಬೇರೆ ಲೆಕ್ಕ, ಲಿಕ್ವಿಡೇಶನ್ ಲೆಕ್ಕ. ಯಾವ ಕಂಪನಿಯ ಬಿಡಿ ಆಸ್ತಿಗಳ ಬೆಲೆ ನಡೆಯೋ ಕಂಪನಿಯ ಬೆಲೆಗಿಂತ ಜಾಸ್ತಿ ಆಗತ್ತೋ ಅದರ ಮೇಲೆ ಹದ್ದುಗಳು ಸುತ್ತೋಕೆ ಶುರು. ಈ ಗಿಟಾರ್ ಆ ಸ್ಥಿತಿಗೆ ಬಂದಿದೆ. ಅದನ್ನ ಆ ಸ್ಥಿತಿಗೆ ತಂದಿರೋದು ಯಾರು? "ಒರಿಜಿನಲ್ಲೇ ಬೇಕು" ಅಂತ ಎಷ್ಟಾದ್ರೂ ಕೊಡೋ ನಾವೇ. ಮಾರಾಟಗಾರನನ್ನ ಬೈದು ಏನು ಪ್ರಯೋಜನ, ಬೇಡಿಕೆ ನಮ್ಮದು.

ಇನ್ನೊಂದು ತಮಾಷೆ ನೋಡಿ. ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿ ಸಾಮಾನ್ಯ ಪೀಠೋಪಕರಣದ ಆಯಸ್ಸು 10 ವರ್ಷ. ಐವತ್ತು ವರ್ಷದ ಗಿಟಾರ್ ಪುಸ್ತಕದ ಪ್ರಕಾರ ಸತ್ತು ನಾಲ್ಕು ದಶಕ ಆಗಿರಬೇಕು. ಡಬ್ಲ್ಯುಡಿವಿ ವಿಧಾನದಲ್ಲಿ ಬೆಲೆ ಯಾವತ್ತೂ ಪೂರ್ತಿ ಸೊನ್ನೆ ಮುಟ್ಟಲ್ಲ ಅಂತ ಮೇಷ್ಟ್ರು ಹೇಳಿದಾಗ ನಾವೆಲ್ಲ ನಕ್ಕಿದ್ವಿ. ಆ ಮಾತು ಈ ಗಿಟಾರ್‌ಗೆ ಸರಿಯಾಗಿ ಹೊಂದತ್ತೆ.

ಮಾವನಿಗೂ ನನಗೂ ಆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಸರಿಯಾಗೇ ಹತ್ತಿಕೊಳ್ತು. "ನಾವು ತಗೊಳ್ಳದಿದ್ರೆ ಇನ್ನೊಬ್ರು ತಗೋತಾರೆ, ಪುಟ್ಟಾ. ಗಿಟಾರಂತೂ ಉಳಿಯಲ್ಲ" ಅಂದ್ರು. ಈ ವಾದ ಬಲವಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಇನ್ನೂ ಯಾರೂ ದುಡ್ಡು ಹಾಕಿರಲಿಲ್ಲ. ಮೊದಲ ಸ್ಕ್ರೂ ಬಿಚ್ಚೋದು ನಮ್ಮ ದುಡ್ಡಲ್ಲಿ ಆಗ್ತಿತ್ತು. "ಮಾವ, ಬೇಕಾದ್ರೆ ಪೂರ್ತಿ ಗಿಟಾರ್ ಕೊಳ್ಳೋರನ್ನ ಹುಡುಕೋಣ, ಪಟ್ಟಿ ಬೇಡ" ಅಂದೆ. ಅವರು ಕಾಲ್ ಕಟ್ ಮಾಡಿದ್ರು. ಎರಡು ದಿನ ಮೆಸೇಜಿಗೆ ಬರೀ ಥಂಬ್ಸ್ ಅಪ್.

ಭಾಗ 6

ಎಲ್ಲಾ ಹಳೇ ಪಾರ್ಟೂ ಪಾಪ ಅಂತ ನಾನು ಹೇಳ್ತಿಲ್ಲ. ನಿಜವಾಗ್ಲೂ ಸತ್ತ ಗಿಟಾರ್‌ಗಳಿವೆ. 2010ರ ಮೇ ತಿಂಗಳಲ್ಲಿ ನ್ಯಾಶ್‌ವಿಲ್‌ಗೆ ಪ್ರವಾಹ ಬಂದಾಗ ಸೌಂಡ್‌ಚೆಕ್ ಅನ್ನೋ ಜಾಗದಲ್ಲಿ ಸಂಗೀತಗಾರರು ಇಟ್ಟಿದ್ದ ವಾದ್ಯಗಳು ರಾಶಿ ರಾಶಿ ಮುಳುಗಿದ್ವು. ನೀರು ಕುಡಿದು ಮರ ಸೊಟ್ಟಗಾಗಿ, ಅಂಟು ಬಿಟ್ಟು ಬಿಚ್ಚಿಕೊಂಡ ಮೈಯಿಂದ ಲೋಹ ತೆಗೆದು ಇನ್ನೊಂದಕ್ಕೆ ಹಾಕೋದು ನೇತ್ರದಾನ ಇದ್ದ ಹಾಗೆ. ಸರಿಯಾದ ಕೆಲಸ. ನನ್ನ ಗೆರೆ ಇಷ್ಟೆ: ನುಡಿಯೋದನ್ನ ಬಿಚ್ಚಬೇಡಿ.

ಇನ್ನೊಂದು ಕಡೆಯ ಅಪವಾದವೂ ಇದೆ. 1948ರಲ್ಲಿ ಪಾಲ್ ಬಿಗ್ಸ್‌ಬಿ ಸ್ಪೀಡಿ ವೆಸ್ಟ್‌ಗೆ ಮಾಡಿಕೊಟ್ಟಂಥ ಗಿಟಾರ್ ನಿಮ್ಮ ಕೈಗೆ ಬಂದ್ರೆ ಪಟ್ಟಿ ಇಲ್ಲದಿದ್ರೂ ಹಾಗೇ ಬಿಡಿ. ಅದು ದಾಖಲೆ. ಮಾವನದು ದಾಖಲೆ ಅಲ್ಲ, ಭಾನುವಾರ ಸಂಜೆ ನುಡಿಸೋ ಗಿಟಾರ್.

ಇಂಥದ್ದಕ್ಕೆ ಹೊಸ ಪಟ್ಟಿ ಮಾಡಿಸಿ. ಹೇಗೆ ಅಂತ ಎರಡು ತಿಂಗಳಲ್ಲಿ ಕಲಿತಿದ್ದು:

ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದ್ರೆ ಉಕ್ಕು, ಅಂಟದಿದ್ರೆ ಅಲ್ಯೂಮಿನಿಯಂ ಇರಬಹುದು (ಹಿತ್ತಾಳೆಗೂ ಅಂಟಲ್ಲ, ಕೆಲವು ಸ್ಟೇನ್‌ಲೆಸ್‌ಗೂ ಅಂಟಲ್ಲ, ತೂಕ ನೋಡಿ). ಉಳಿದಿರೋ ಹಳೇ ಪಟ್ಟಿಯ ತುದಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿ, ಅದರ ಆಕಾರ ಅಚ್ಚಾಗತ್ತೆ. ಆಮೇಲೆ ವರ್ನಿಯರ್. ಒಂದು ಕಡೆ ಅಳೆದು ನಿಲ್ಲಿಸಬೇಡಿ, ಮೂರು ಕಡೆ ಅಳೀರಿ.

ಅಳತೆಯಲ್ಲಿ ಒಂದು ಬಲೆ ಇದೆ. ಆ ಗಿಟಾರ್ ಹುಟ್ಟಿದ್ದು ಇಂಚಿನ ಲೋಕದಲ್ಲಿ. ಗಾಡಿಯ ಅಗಲ ಒಂದು ಇಂಚಿನ ಹದಿನಾರನೇ ಒಂದು ಭಾಗ, ಅಂದ್ರೆ 1.59 ಮಿಮೀ. ನಮ್ಮ ಬಡಗಿಗಳ ಸೂತದ ಲೆಕ್ಕದಲ್ಲಿ ಅರ್ಧ ಸೂತ. ಅದರ ಬದಲು "ಹತ್ತಿರತ್ತಿರ ಅಷ್ಟೇ ತಾನೆ" ಅಂತ 1.5 ಮಿಮೀ ಬಾಲದ ಪಟ್ಟಿ ತಂದ್ರೆ ತಲೆಕೂದಲಷ್ಟು ಸಂದು ಉಳಿಯತ್ತೆ. ಕೆಳಗಿನ ಸ್ವರ ನುಡಿಸಿದಾಗ ಜರ್ರ್ ಅನ್ನತ್ತೆ, ಎಲ್ಲಿಂದ ಅಂತ ಹುಡುಕೋದ್ರಲ್ಲಿ ವಾರ ಹೋಗತ್ತೆ. 2 ಮಿಮೀ ತಂದು ಬಡಿದು ಕೂರಿಸಿದ್ರೋ, ಮೇಪಲ್ ಸೀಳತ್ತೆ ಅಥವಾ ಮೈಕಾ ಏಳತ್ತೆ.

ಡೈ ಬೇಕಿಲ್ಲ, ಇದು ಮುಖ್ಯ. ಇನ್ನೂರು ಜನರಿಗೆ ಬೇಕಾದ್ರೆ ಡೈ. ಒಬ್ಬರಿಗೆ ಬೇಕಾದ್ರೆ ಸಣ್ಣ ಮಷೀನ್ ಶಾಪ್‌ನಲ್ಲಿ ಅಲ್ಯೂಮಿನಿಯಂ ಪಟ್ಟೆಯಿಂದ ಮಿಲ್ಲಿಂಗ್ ಮಾಡಿಸಿ. ಕೂಲಿ ಜಾಸ್ತಿ, ಆದ್ರೆ ಫಿಕ್ಸೆಡ್ ಕಾಸ್ಟ್ ಹತ್ತಿರ ಹತ್ತಿರ ಇಲ್ಲ. ಕಿಟಕಿ, ಬೀಡಿಂಗ್‌ಗೆಲ್ಲ ಬಳಸೋ 6063 ಅನ್ನೋ ಮಿಶ್ರಲೋಹ ಚೆನ್ನಾಗಿ ಪಾಲಿಶ್ ತಗೊಳ್ಳತ್ತೆ. ಮೂಲೆಯಲ್ಲಿ ಬಗ್ಗಿಸೋದಿದ್ರೆ ಮಾತ್ರ ಎಚ್ಚರ, ಗಟ್ಟಿ ಮಾಡಿದ ಟಿ6 ತಂದು ಸಣ್ಣ ತಿರುವಿಗೆ ಬಗ್ಗಿಸಿದ್ರೆ ಬಿರುಕು ಬಿಡತ್ತೆ. ಮಾವನದಕ್ಕೆ ಮೂಲೆ ಇಲ್ಲ, ನೇರ ಪಟ್ಟಿ, ಪುಣ್ಯ.

ತುದಿಯಲ್ಲಿ ಚೂರು ಜಾಗ ಬಿಡಿ. 75 ಸೆಂಟಿಮೀಟರ್ ಅಲ್ಯೂಮಿನಿಯಂ 20 ಡಿಗ್ರಿ ಬಿಸಿಯಾದ್ರೆ ಸುಮಾರು 0.35 ಮಿಮೀ ಹಿಗ್ಗತ್ತೆ. ಮರ ಉದ್ದಕ್ಕೆ ಅಷ್ಟು ಹಿಗ್ಗಲ್ಲ. ಬಿಗಿಯಾಗಿ ತುರುಕಿ, ಟೆಕ್ಸಸ್ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ರೆ ಪಟ್ಟಿ ಬಿಲ್ಲಿನ ಹಾಗೆ ಎದ್ದು ಬರಬಹುದು. ಹಳೆಯವರು ಈ ಪಾಠ ಬೇರೆ ರೀತಿ ಕಲಿತಿದ್ರು. 1931ರಲ್ಲಿ ಜಾರ್ಜ್ ಬೋಷಾಂಪ್ ರೂಪಿಸಿದ, ಬಾಣಲೆ ಆಕಾರದ ರಿಕನ್‌ಬ್ಯಾಕರ್ ಸ್ಟೀಲ್ ಗಿಟಾರ್‌ಗೆ ಎರಕದ ಅಲ್ಯೂಮಿನಿಯಂ ಮೈ ಇತ್ತು. "ಫ್ರೈಯಿಂಗ್ ಪ್ಯಾನ್" ಅಂತಲೇ ಹೆಸರು. ಸ್ಟೇಜ್ ದೀಪದ ಬಿಸಿಗೆ ಮೈ ಹಿಗ್ಗಿ ಶ್ರುತಿ ಜಾರ್ತಿತ್ತು.

ಭಾಗ 7

ಈಗ ಡಿಎಂನಲ್ಲಿ ಬಂದ ಎರಡು ಆಕ್ಷೇಪ.

ಒಂದು: "ಹೊಸ ಪಟ್ಟಿ ಹಾಕಿದ್ರೆ ರೀಸೇಲ್ ಬೆಲೆ ಬೀಳತ್ತೆ." ಬೀಳಬಹುದು. ಆದ್ರೆ ಯಾವುದಕ್ಕೆ ಹೋಲಿಸಿ? ಪಟ್ಟಿ ಇಲ್ಲದೆ ಮೈಕಾ ಕಿತ್ತು ಹೋಗಿರೋ ಗಿಟಾರ್‌ಗೆ ಹೋಲಿಸಿ ನೋಡಿ. ಬೆಲೆಗೆ ನಿಜವಾದ ಪೆಟ್ಟು ಬೀಳೋದು ಬದಲಾಯಿಸಿದ್ದನ್ನ ಮುಚ್ಚಿಟ್ಟಾಗ. ಹಾಗಾಗಿ ಬಾಲದ ಮೇಲೆ, ಹೊರಗೆ ಕಾಣದ ಕಡೆ, ಮೊಳೆಯಿಂದ ಇಸವಿ ಗೀರಿಬಿಡಿ. ಮಾರುವಾಗ ಬಿಲ್‌ನಲ್ಲಿ ಬರೆದುಕೊಡಿ. ನಮ್ಮ ಭಾಷೆಯಲ್ಲಿ ಡಿಸ್‌ಕ್ಲೋಷರ್. ಹೊಸ ಪಟ್ಟಿಯನ್ನ ಬೇಕಂತಲೇ ಮಂಕು ಮಾಡಿ, ಗೀಚಿ, ಹಳೇದರ ಥರ ಕಾಣಿಸೋ ಚಾಳಿ ಇದೆ. ಅದು ನನಗೆ ಆಗಿಬರಲ್ಲ. ಹೊಸದು ಹೊಸದರ ಹಾಗೇ ಹೊಳೀಲಿ, ಮಂಕಾಗೋಕೆ ಅದಕ್ಕೆ ವರ್ಷಗಳಿವೆ.

ಎರಡು: "ಕಂಪನಿ ಡಿಸೈನ್ ಕಾಪಿ ಮಾಡೋದು ತಪ್ಪಲ್ವಾ?" ಮುಚ್ಚಿಹೋದ ಅಂಗಡಿಯ ಬೀಡಿಂಗ್‌ನ ಎರಡು ಗೆರೆ ಕಾಪಿ ಮಾಡಿ ನಾವು ಲೋಗೋ ಅಂಟಿಸಿ ಮಾರ್ತಾ ಇಲ್ಲ. ನನ್ನ ಪ್ರಕಾರ ಸರಿಯಾದ ಪ್ರಶ್ನೆ ಉಲ್ಟಾ. ವಾದ್ಯ ಮಾಡೋದನ್ನ ನಿಲ್ಲಿಸೋ ಪ್ರತಿ ತಯಾರಕರೂ ಇಂಥ ಸಣ್ಣ ಭಾಗಗಳ ಡ್ರಾಯಿಂಗ್ ಬಹಿರಂಗ ಮಾಡಬೇಕು. ಅವರಿಗೆ ಅದರಿಂದ ಇನ್ನೇನೂ ಲಾಭ ಇಲ್ಲ, ನಷ್ಟವೂ ಇಲ್ಲ. ಅಲ್ಲಿ ರಿಪೇರಿ ಮಾಡೋ ಹಳೇ ಕೈಗಳ ಹತ್ತಿರ ಈ ಅಳತೆಗಳೆಲ್ಲ ಇವೆ, ಆದ್ರೆ ತಲೆಯಲ್ಲಿವೆ ಅಥವಾ ಗೋಡೆಗೆ ಅಂಟಿಸಿದ ಚೀಟಿಯಲ್ಲಿವೆ. ಅವರೂ ಹಂಚಬೇಕು. ಕೆಲವರು ಹಂಚಲ್ಲ, ಅದು ಅವರ ಹೊಟ್ಟೆಪಾಡು ಅಂತಾರೆ. ಅವರ ಹೊಟ್ಟೆಪಾಡು ಅಳತೆಯಲ್ಲಿಲ್ಲ, ಕೈಯಲ್ಲಿದೆ ಅಂತ ನನಗನ್ನಿಸತ್ತೆ. 1.59 ಅಂತ ಗೊತ್ತಾದ ಮಾತ್ರಕ್ಕೆ ನಾನು ಮೇಪಲ್ ಕೊಯ್ಯೋಕೆ ಆಗತ್ತಾ?

ಮೂರನೇ ದಿನ ಮಾವನೇ ಕಾಲ್ ಮಾಡಿದ್ರು. ಹತ್ತಿರದ ಮಷೀನ್ ಶಾಪ್‌ನಲ್ಲಿ ಕೇಳಿದಾರೆ, ಎರಡು ಪಟ್ಟಿಗೆ ಆತ ಹೇಳಿದ ಕೂಲಿ ಆ "ಒರಿಜಿನಲ್" ಪಟ್ಟಿಗಳ ಬೆಲೆಗಿಂತ ಸ್ವಲ್ಪ ಜಾಸ್ತಿನೇ. "ನಿನ್ನ ಸಿದ್ಧಾಂತದ ಬೆಲೆ ನಾನು ಕಟ್ತಾ ಇದೀನಿ" ಅಂತ ಬೈದ್ರು. ಕಟ್ತಾ ಇದಾರೆ ಅಲ್ವಾ, ಅಷ್ಟು ಸಾಕು. ಆ ಇನ್ನೊಂದು ಗಿಟಾರ್ ಈಗಲೂ ಮಾರಾಟಕ್ಕಿದೆ, ಇವತ್ತು ಬೆಳಿಗ್ಗೆ ನೋಡಿದಾಗ ನಾಲ್ಕೂ ಪಟ್ಟಿ ಅದರ ಮೇಲೇ ಇದ್ವು. ಟೆಕ್ಸಸ್ ಕಡೆ ಸ್ಟೀಲ್ ಕಲಿಯೋರು ನಿಮಗೆ ಯಾರಾದ್ರೂ ಗೊತ್ತಿದ್ರೆ ನನಗೆ ಡಿಎಂ ಮಾಡಿ. ಪೂರ್ತಿ ಗಿಟಾರ್ ಕೊಳ್ಳೋರು ಮಾತ್ರ.

ಕೊನೆಯ ಫೋಟೋ ಶಾಯಿ ಅಚ್ಚಿನದು, ಪಕ್ಕದಲ್ಲಿ ಅಳತೆ ಎಲ್ಲ ಬರೆದಿದೀನಿ. ಸೇವ್ ಮಾಡ್ಕೊಳ್ಳಿ, ಯಾರಿಗೆ ಬೇಕೋ ಕೊಡಿ, ನನ್ನ ಹೆಸರು ಹಾಕೋದೇನೂ ಬೇಡ.

#ಪೆಡಲ್‌ಸ್ಟೀಲ್ #ಹಳೇವಾದ್ಯ #ಬೀಡಿಂಗ್‌ಪುರಾಣ #ಬಿಕಾಂಬದುಕು